ಹತ್ತೊಂಬತ್ತನೇ ಕೋಣೆಯ ಕಿಟಕಿ

ಹೂವಿನ ಕುಂಡವನ್ನು ಎತ್ತಿ ಮೂಗಿನ ಹತ್ತಿರ ತಂದ ಕೂಡಲೇ ಕ್ಯಾಪ್ಟನ್ ಲುಬೋರ್ ಮಾತೌಶನಿಗೆ ಬೆಂದು ಹಳಸಿದ ಸೊಪ್ಪಿನ ವಾಸನೆ ಬಡಿಯಿತು.

ನೇರಳೆ ಹೂ ಬಿಡುವ ಅಂಗೈಯಷ್ಟು ಗಿಡ. ಕುಂಡಕ್ಕೆ ಸುತ್ತಿದ ಬಣ್ಣದ ಕಾಗದದ ಮೇಲೆ 'ನಮ್ಮ ಪ್ರೊಫೆಸರ್ ಸಾಹೇಬರಿಗೆ, ವಿದ್ಯಾರ್ಥಿಗಳಿಂದ' ಎಂದಿತ್ತು. ಎಲೆಗಳೆಲ್ಲ ಕಪ್ಪಾಗಿ ಜೋತುಬಿದ್ದಿದ್ದವು, ಬೆರಳು ತಾಗಿಸಿದರೆ ಕಿತ್ತು ಬರುತ್ತಿದ್ದವು. ನೀರಿಲ್ಲದೆ ಒಣಗಿತೇ ಎಂದು ಮಣ್ಣಿಗೆ ಬೆರಳಿಟ್ಟು ನೋಡಿದ. ಮಣ್ಣು ಇನ್ನೂ ಒದ್ದೆಯಾಗಿತ್ತು.

"ಇದೇನ್ ಸಾರ್, ಕೊಲೆ ಪತ್ತೆ ಬಿಟ್ಟು ತೋಟಗಾರಿಕೆಗೆ ಇಳಿದ್ರಾ?" ಬಾಗಿಲಲ್ಲಿ ನಿಂತಿದ್ದ ಲೆಫ್ಟಿನೆಂಟ್ ಬ್ಲಾಹಾ ಕೇಳಿದ.

"ಈ ಗಿಡಕ್ಕೆ ಏನಾಗಿದೆ ಹೇಳು."

"ಸತ್ತಿದೆ."

"ಯಾಕೆ ಸತ್ತಿತು?"

"ಈ ಆಸ್ಪತ್ರೆ ಊಟ ತಿಂದಿರಬೇಕು."

ಮಾತೌಶ್ ನಗಲಿಲ್ಲ. ಇಂಥ ಎಲೆಗಳನ್ನು ಅವನು ಹಿಂದೆ ನೋಡಿದ್ದ. ಹೆಂಡತಿ ಯಾರ್ಮಿಲಾ ಸತ್ತ ಮೊದಲ ಚಳಿಗಾಲದಲ್ಲಿ ಅವಳ ಕುಂಡಗಳನ್ನು ಬಾಲ್ಕನಿಯಿಂದ ಒಳಗೆ ತಂದಿಡಲು ಮರೆತಿದ್ದ. ಒಂದೇ ರಾತ್ರಿಗೆ ಎಲ್ಲವೂ ಹೀಗೇ ಕಪ್ಪಾಗಿದ್ದವು. ಅವಳು ಹತ್ತು ವರ್ಷ ಸಾಕಿದ್ದನ್ನು ಅವನು ಒಂದು ರಾತ್ರಿಯಲ್ಲಿ ಕೊಂದಿದ್ದ.

"ಇದಕ್ಕೆ ಹಿಮ ಹೊಡೆದಿದೆ," ಎಂದ.

ಬ್ಲಾಹಾ ಕಾಲರಿನ ಗುಂಡಿ ಬಿಚ್ಚಿ, ಕಿಟಕಿಯ ಕೆಳಗಿನ ಹೀಟರಿನ ಕಡೆ ಕೈ ತೋರಿಸಿದ. "ಇಲ್ಲಿ ಬ್ರೆಡ್ ಇಟ್ರೆ ಟೋಸ್ಟ್ ಆಗತ್ತೆ. ಹಿಮ ಎಲ್ಲಿಂದ ಬರತ್ತೆ ಸಾರ್?"

ಅದೇ ಪ್ರಶ್ನೆ. ಸೋಮವಾರ ರಾತ್ರಿ, ಈ ಆಸ್ಪತ್ರೆಯಲ್ಲೇ ಪಾಠ ಹೇಳಿ ಇಲ್ಲೇ ರೋಗಿಯಾಗಿದ್ದ ಪ್ರೊಫೆಸರ್ ಎವ್ಜೆನ್ ದ್ರಾಹೊಟಾ ಇದೇ ಮಂಚದ ಮೇಲೆ ಸತ್ತು ಸಿಕ್ಕಿದ್ದರು. ಅವರ ಡ್ರಿಪ್ಪಿಗೆ ಪೊಟ್ಯಾಸಿಯಂ ಸೇರಿಸಿ ಕೊಂದಳೆಂದು ನರ್ಸ್ ಲೆಸ್ಯಾಳನ್ನು ಪೊಲೀಸರು ಹಿಡಿದಿದ್ದರು. ಅಂದಿನಿಂದ ಈ ಹತ್ತೊಂಬತ್ತನೇ ಕೋಣೆಗೆ ಪೊಲೀಸರ ಮೊಹರು ಬಿದ್ದಿತ್ತು. ಕಿಟಕಿ ಮುಚ್ಚಿತ್ತು, ಹೀಟರ್ ಉರಿಯುತ್ತಿತ್ತು. ಹಿಮಕ್ಕೆ ಒಳಗೆ ಬರಲು ದಾರಿಯೇ ಇರಲಿಲ್ಲ.

"ನಾನು ಕೋರ್ಟಿಗೆ ಹೊರಟೆ," ಎಂದ ಬ್ಲಾಹಾ. "ಇವತ್ತು ಜಡ್ಜ್ ಆ ಹುಡುಗಿನ ಒಳಗೆ ಹಾಕ್ತಾರೆ, ಗ್ಯಾರಂಟಿ. ಅವಳ ಮಗಳನ್ನ ಸಂಜೆ ಅನಾಥಾಲಯದೋರು ಬಂದು ಕರ್ಕೊಂಡು ಹೋಗ್ತಾರಂತೆ. ಪಾಪ, ನಾಲ್ಕು ವರ್ಷದ್ದು."

"ಹೆಸರೇನು ಮಗುವಿಂದು?"

"ಸೊಲೊಮಿಯಾ. ಇಲ್ಲೇ ಆಸ್ಪತ್ರೆಯ ಶಿಶುವಿಹಾರದಲ್ಲಿದೆ. ಅಮ್ಮ ಎಲ್ಲಿ ಅಂತ ಕೇಳಿದ್ರೆ ಡ್ಯೂಟಿಯಲ್ಲಿದಾಳೆ ಅಂತಾರಂತೆ. ಮೂರು ದಿನದಿಂದ ಒಂದೇ ಡ್ಯೂಟಿ."

ಬ್ಲಾಹಾ ಹೊರಟುಹೋದ. ಮಾತೌಶ್ ಕುಂಡ ಹಿಡಿದು ಅಲ್ಲೇ ನಿಂತ.

ಅವನಿಗೆ ಈ ಕೇಸು ಬೇಡವಾಗಿತ್ತು. ಪ್ರಾಗಿನ ಪೊಲೀಸ್ ಇಲಾಖೆಯ ಅರ್ಧ ಮಂದಿ ಜ್ವರದಿಂದ ಮಲಗಿರದಿದ್ದರೆ ಅವನಿಗೆ ಬರುತ್ತಲೂ ಇರಲಿಲ್ಲ. ಅವನ ಹೆಂಡತಿ ಈ ಸೇಂಟ್ ಪ್ರೊಕೊಪ್ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲೇ ಸತ್ತವಳು. ಅವನ ಅಕ್ಕ ಲಿಬುಶೆ ಈ ವಾರ್ಡಿನ ಹೆಡ್ ಸಿಸ್ಟರ್. ಮಗಳು ಅನೆಶ್ಕಾ ಇಲ್ಲೇ ವೈದ್ಯಕೀಯ ಓದುತ್ತಿದ್ದಳು. ಇದನ್ನೆಲ್ಲ ಹೇಳಿದಾಗ ಮೇಲಧಿಕಾರಿ ಸೀನುತ್ತಾ, "ಕೊಲೆಗಾತಿ ಸಿಕ್ಕಾಗಿದೆ ಮಾರಾಯ, ಎರಡು ಸಹಿ ಹಾಕಿ ಮುಗಿಸು," ಎಂದಿದ್ದ.

ಕೊಲೆಗಾತಿ ಸಿಕ್ಕ ಬಗೆಯೂ ಅಷ್ಟೇ ಸಲೀಸಾಗಿತ್ತು. ಡ್ರಿಪ್ ಹಾಕಿದ್ದು ಲೆಸ್ಯಾ. ಸಂಜೆಯ ಊಟದ ತಟ್ಟೆಗಳು ಬರುವವರೆಗೆ ಆ ಸಾಲಿನ ಕೋಣೆಗಳಿಗೆ ಅವಳೊಬ್ಬಳೇ ನರ್ಸು. ಹೆಣ ಎಷ್ಟು ತಣ್ಣಗಿತ್ತೆಂದು ನೋಡಿ, ಪ್ರೊಫೆಸರ್ ಊಟದ ಹೊತ್ತಿಗಿಂತ ಮೊದಲೇ ಸತ್ತಿದ್ದಾರೆ ಎಂದು ಶವಪರೀಕ್ಷೆಯ ಡಾಕ್ಟರು ಬರೆದರು. ಮೇಲಾಗಿ ಲೆಸ್ಯಾ ಉಕ್ರೇನಿನಿಂದ ಬಂದವಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ನಮ್ಮಲ್ಲಿ ಹೊಸದಲ್ಲ. ಪರ ಊರಿನ ಎಮ್ಮೆಯಾದರೆ ಬರೆ ಎಳೆಯುವವರ ಕೈ ಇನ್ನೂ ಸರಾಗ.

"ಕ್ಯಾಪ್ಟನ್, ನನ್ನ ಮಾತು ಸರಿ ಇಲ್ಲ, ನನ್ನ ಕೈ ಸರಿ ಇದೆ," ಎಂದಿದ್ದಳು ಅವಳು, ಮೊದಲ ವಿಚಾರಣೆಯಲ್ಲಿ. ಆಮೇಲೆ ಅಳು ಬಂದು ಮುಂದಿನ ಮಾತು ಅವಳದೇ ಭಾಷೆಗೆ ಹೊರಳಿತ್ತು. ಯಾರಿಗೂ ಅರ್ಥವಾಗಿರಲಿಲ್ಲ.

ಮಾತೌಶ್ ಶವಪರೀಕ್ಷೆಯ ಡಾಕ್ಟರ್ ಶಿಂದೆಲಾರ್‌ಗೆ ಫೋನ್ ಮಾಡಿದ.

"ಏನಯ್ಯಾ ಅವಸರ? ನನ್ನ ಗಿರಾಕಿಗಳು ಯಾರೂ ಹೀಗೆ ಹಾರಾಡಲ್ಲ."

"ಡಾಕ್ಟ್ರೇ, ಆ ಕೋಣೆ ಬೆಚ್ಚಗಿತ್ತು ಅಂತ ತಾನೇ ನೀವು ಲೆಕ್ಕ ಹಾಕಿದ್ದು?"

"ಕಿಟಕಿ ಮುಚ್ಚಿತ್ತು, ಹೀಟರ್ ಉರೀತಿತ್ತು. ಮತ್ತೇನು ಇಗ್ಲೂ ಅಂತ ಲೆಕ್ಕ ಹಾಕ್ಲಾ?"

"ಸತ್ತಮೇಲೆ ಸ್ವಲ್ಪ ಹೊತ್ತು ಕಿಟಕಿ ಪೂರ್ತಿ ತೆರೆದಿದ್ರೆ?"

ಸೋಮವಾರ ಸಂಜೆ ನದಿಯ ಅಂಚು ಹೆಪ್ಪುಗಟ್ಟಿದ್ದ ಚಳಿ ಅವರಿಗೂ ನೆನಪಿದ್ದಿರಬೇಕು.

"ಎಷ್ಟು ಹೊತ್ತು?"

"ಒಂದು ಗಿಡ ಸಾಯುವಷ್ಟು ಹೊತ್ತು."

"ಹಾಗಾದ್ರೆ ನನ್ನ ಲೆಕ್ಕ ಕಸದಬುಟ್ಟಿಗೆ. ಹೆಣ ಬೇಗ ತಣ್ಣಗಾಗಿದೆ. ಅವರು ಸತ್ತಿದ್ದು ಊಟದ ತಟ್ಟೆ ಬಂದು ಹೋದ ಮೇಲೆ. ಪೊಟ್ಯಾಸಿಯಂ ಕೂತು ಕಾಯಲ್ಲ ಕಣಯ್ಯಾ. ಒಳಗೆ ಹೋದ ಕೆಲವೇ ನಿಮಿಷ, ಹೃದಯ ನಿಂತುಹೋಗತ್ತೆ. ಆಗ ಆ ಹುಡುಗಿ ಎಲ್ಲಿದ್ಲು?"

"ಶಿಶುವಿಹಾರದಲ್ಲಿ. ಮಗಳಿಗೆ ಕೋಟು ಹಾಕ್ತಿದ್ಲು. ಅಲ್ಲಿ ಹತ್ತು ಜನ ನೋಡಿದಾರೆ."

"ಅಂದ್ರೆ ಇಬ್ಬರೂ ಸೇರಿ ಒಬ್ಬ ನಿರಪರಾಧೀನ ಲಾಕಪ್ಪಿಗೆ ಕಳಿಸಿದ್ವಿ," ಎಂದರು ಶಿಂದೆಲಾರ್. ಅವರ ತಮಾಷೆಯೆಲ್ಲ ಇಳಿದುಹೋಗಿತ್ತು.

ಫೋನಿಟ್ಟ ಮಾತೌಶನಿಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಯಾಕೆಂದರೆ ಅವನು ಈಗ ಕಿಟಕಿಯನ್ನೇ ನೋಡುತ್ತಿದ್ದ.

ಹಿಂದೆ ಯಾರೋ ರೋಗಿ ಹಾರಿಕೊಂಡ ಮೇಲೆ ಈ ಕಟ್ಟಡದ ಕಿಟಕಿಗಳಿಗೆಲ್ಲ ಹಿಡಿ ಕಿತ್ತುಹಾಕಿದ್ದರು. ತೆರೆಯಲು ಒಂದು ಚೌಕದ ಕೀಲಿ ಬೇಕು. ಆ ಕೀಲಿ ಡಾಕ್ಟರುಗಳ ಹತ್ತಿರ ಇರುವುದಿಲ್ಲ. ಅದು ಇರುವುದು ಸಿಸ್ಟರುಗಳ ಜೇಬಿನಲ್ಲಿ, ಕತ್ತರಿಯ ಪಕ್ಕದಲ್ಲಿ.

ಸಾವಿನ ಹೊತ್ತು ತಪ್ಪಿಸಲು ಯಾವನೋ ಚಾಲಾಕಿ ಮಾಡಿದ ಉಪಾಯವೇ ಇದು? ಹಾಗಿದ್ದರೆ ಎಷ್ಟು ಚೆನ್ನಾಗಿತ್ತು! ಮಾತೌಶ್ ಆ ಆಸೆಯನ್ನು ಒಂದಷ್ಟು ಹೊತ್ತು ಹಿಡಿದುಕೊಂಡ. ಆದರೆ ಹೆಣದ ಫೋಟೋ ಜೇಬಿನಲ್ಲೇ ಇತ್ತು. ಪ್ರೊಫೆಸರರ ಕಣ್ಣುಗಳನ್ನು ಯಾರೋ ಮುಚ್ಚಿಸಿದ್ದರು. ಬಾಯಿ ತೆರೆದುಕೊಳ್ಳದಿರಲೆಂದು ಗದ್ದದ ಕೆಳಗೆ ಟವೆಲ್ಲನ್ನು ಸುರುಳಿ ಸುತ್ತಿ ಇಟ್ಟಿದ್ದರು. ಬೈತಲೆ ತೆಗೆದು ತಲೆ ಬಾಚಿದ್ದರು. ನಿದ್ದೆಯಲ್ಲೇ ಹೋಗಿದ್ದಾರೆ, ಎಷ್ಟು ಶಾಂತವಾಗಿ ಮಲಗಿದ್ದಾರೆ ಎಂದು ಎಲ್ಲರೂ ಅಂದಿದ್ದರು. ಸತ್ತವರು ತಾವೇ ತಲೆ ಬಾಚಿಕೊಳ್ಳುವುದಿಲ್ಲ ಎಂದು ಯಾರಿಗೂ ಹೊಳೆದಿರಲಿಲ್ಲ. ಕ್ಯಾಪ್ಟನ್ ಸಾಹೇಬರಿಗೂ ಹೊಳೆದಿರಲಿಲ್ಲ.

ಈ ವಾರ್ಡುಗಳಲ್ಲಿ ಯಾರೇ ಸಾಯಲಿ, ಸಿಸ್ಟರ್ ಮೊದಲು ಮಾಡುವ ಕೆಲಸ ಕಿಟಕಿ ತೆರೆಯುವುದು. ಡಾಕ್ಟರನ್ನು ಕರೆಯುವುದು ಆಮೇಲೆ. ಹೋಗುವ ಜೀವಕ್ಕೆ ದಾರಿ ಬಿಡಬೇಕು. ದೇವರನ್ನು ನಂಬದ ಸಿಸ್ಟರುಗಳೂ ಇದನ್ನು ಬಿಡುವುದಿಲ್ಲ, ಕೈ ತಾನಾಗಿ ಆ ಕಡೆ ಹೋಗುತ್ತದೆ. ಹೆಣವನ್ನು ಎರಡು ಗಂಟೆ ವಾರ್ಡಿನಲ್ಲೇ ಇಡಬೇಕೆಂಬುದು ಆಸ್ಪತ್ರೆಯ ನಿಯಮ. ಆ ಎರಡು ಗಂಟೆ ಕಿಟಕಿ ತೆರೆದೇ ಇರುತ್ತದೆ. ಆಮೇಲೆ ಸಿಸ್ಟರೇ ಬಂದು ಮುಚ್ಚುತ್ತಾಳೆ.

ಯಾರ್ಮಿಲಾ ಸತ್ತಾಗಲೂ ಹಾಗೇ ಆಗಿತ್ತು. ಕಿಟಕಿ ತೆರೆದವಳು ಅಕ್ಕ ಲಿಬುಶೆ. "ಹೋಗಮ್ಮಾ, ಹೋಗು, ಇನ್ನು ಸಾಕು," ಎಂದಿದ್ದಳು.

ರಾತ್ರಿ ಪಾಳಿಯ ನರ್ಸಿನ ಹೇಳಿಕೆಯೂ ಈಗ ನೆನಪಾಯಿತು. "ಪ್ರೊಫೆಸರು ಮಲಗಿದಾರೆ, ಎಬ್ಬಿಸಬೇಡ, ನಾನೇ ನೋಡ್ಕೊಂಡು ಹೋಗ್ತೀನಿ ಅಂತ ಹೆಡ್ ಸಿಸ್ಟರ್ ಹೇಳಿದ್ರು. ಪಾಪ, ತಮ್ಮ ಡ್ಯೂಟಿ ಮುಗಿದ್ರೂ ಉಳ್ಕೊಂಡ್ರು." ಮೊದಲ ಸಲ ಕೇಳಿದಾಗ ಅವನಿಗೆ ಅಕ್ಕನ ಬಗ್ಗೆ ಹೆಮ್ಮೆಯಾಗಿತ್ತು.

ಅವನು ಕುಂಡ ಎತ್ತಿಕೊಂಡು ಸಿಸ್ಟರುಗಳ ಕೋಣೆಗೆ ನಡೆದ. ಹೊರಗಿನವರಿಗೆಲ್ಲ ಇಲ್ಲಿ ಬೂಟಿನ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ಕಡ್ಡಾಯ, ಕ್ಯಾಪ್ಟನ್ ಆದರೂ ಅಷ್ಟೇ. ಹೊಳೆಯುವ ನೆಲದ ಮೇಲೆ ಜಾರುತ್ತಾ, ಸರಬರ ಸದ್ದು ಮಾಡುತ್ತಾ, ತಮ್ಮನೊಬ್ಬ ಅಕ್ಕನನ್ನು ಹಿಡಿಯಲು ಹೊರಟಿದ್ದ.

ಯಾರೋ ಸಿಸ್ಟರಿನ ಹೆಸರಿನ ದಿನ ಅವತ್ತು, ಹುಟ್ಟುಹಬ್ಬದಂತೆ ಇಲ್ಲಿ ಅದನ್ನೂ ಆಚರಿಸುತ್ತಾರೆ. ಮೇಜಿನ ಮೇಲೆ ಆಲೂಗಡ್ಡೆ ಸಲಾಡು, ಹಂದಿಮಾಂಸದ ಚೂರು, ಮೊಟ್ಟೆ ಇಟ್ಟ ಬ್ರೆಡ್ಡಿನ ತುಂಡುಗಳು ತಟ್ಟೆ ತುಂಬಾ ಇದ್ದವು. ಲಿಬುಶೆ ಒಬ್ಬಳೇ ಊದಿದ ಕಾಲುಗಳನ್ನು ಸ್ಟೂಲಿನ ಮೇಲೆ ಚಾಚಿ ಕುಳಿತು, ಗಾಜಿನ ಲೋಟದಲ್ಲಿ ಗಸಿ ಇಳಿಯದ ಕಾಫಿ ಆರಲೆಂದು ಕಾಯುತ್ತಿದ್ದಳು. ಜೂನ್ ತಿಂಗಳಿಗೆ ಅವಳ ನಿವೃತ್ತಿ.

"ಬಾರೋ. ಮುಖ ಯಾಕೆ ಹಂಗೆ ಬಾಡಿದೆ? ಬೆಳಗ್ಗೆಯಿಂದ ಏನೂ ತಿಂದಿಲ್ಲ ತಾನೇ? ತಗೋ."

"ಬೇಡ ಅಕ್ಕ."

"ಬೇಡ ಅಂದ್ರೆ ಏನು? ಅಮ್ಮ ಹೋದಾಗಿಂದ ನಿಂದು ಇದೇ ರಾಗ. ತಿನ್ನು ಮೊದಲು."

ಅವನು ತಟ್ಟೆಯ ಪಕ್ಕದಲ್ಲಿ ಕುಂಡ ಇಟ್ಟ.

ಲಿಬುಶೆ ಬಗ್ಗಿ ನೋಡಿದಳು. ಕರಿಯ ಎಲೆಯೊಂದನ್ನು ಎರಡು ಬೆರಳಲ್ಲಿ ಹಿಡಿದಳು. "ಅಯ್ಯೋ ಪಾಪ! ನೋಡು, ಇದನ್ನ ಈ ಕಡೆ ಎತ್ತಿಡಬೇಕು ಅಂತ ನಂಗೆ ಹೊಳೀಲೇ ಇಲ್ಲ..."

ಅಷ್ಟು ಹೇಳಿ ನಿಲ್ಲಿಸಿದಳು. ಹೇಳಿದ್ದು ಏನೆಂದು ಅವಳಿಗೇ ಗೊತ್ತಾಯಿತು.

ಮಾತೌಶ್ ಕುರ್ಚಿ ಎಳೆದು ಕುಳಿತ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಎಷ್ಟೋ ಜನರ ಬಾಯಿ ಬಿಡಿಸಿದ್ದ. ಇಷ್ಟು ಸುಲಭವಾಗಿ ಯಾರೂ ಸಿಕ್ಕಿಬಿದ್ದಿರಲಿಲ್ಲ, ಇಷ್ಟು ಸಂಕಟವೂ ಯಾವತ್ತೂ ಆಗಿರಲಿಲ್ಲ.

"ಕಿಟಕಿ ತೆರೆದಿದ್ದು ನೀನು."

"ಹೂಂ."

"ಮುಚ್ಚಿದ್ದೂ ನೀನೇ."

"ಎರಡು ಗಂಟೆ ಆದ್ಮೇಲೆ. ಮುಚ್ಚಬೇಕಲ್ಲ." ಅವಳು ಎಲೆಯನ್ನು ಬಿಟ್ಟು ಬೆರಳನ್ನು ಏಪ್ರನ್ನಿಗೆ ಒರೆಸಿಕೊಂಡಳು. "ಆ ಮನುಷ್ಯನಿಗೆ ಕಿಟಕಿ ತೆರೀಬಾರ್ದು ಅಂತಾನೇ ಇತ್ತು ಕಣೋ ನಂಗೆ. ಇಲ್ಲೇ ಈ ನಾಲ್ಕು ಗೋಡೆಯೊಳಗೇ ಬಿದ್ದಿರಲಿ ಅಂತ. ಆದ್ರೆ ಕೈ ಕೇಳಲಿಲ್ಲ. ನಲವತ್ತು ವರ್ಷದ ಅಭ್ಯಾಸ."

"ಯಾಕೆ ಕೊಂದೆ ಅಕ್ಕ?"

ಈ ಪ್ರಶ್ನೆ ಕೇಳುವ ಅಗತ್ಯ ಅವನಿಗಿರಲಿಲ್ಲ. ಕಾರಣ ಇಬ್ಬರಿಗೂ ಗೊತ್ತಿತ್ತು. ಹಿಂದಿನ ವರ್ಷದ ಶರತ್ಕಾಲದಲ್ಲಿ ಪ್ರೊಫೆಸರ್ ದ್ರಾಹೊಟಾ ವಿದ್ಯಾರ್ಥಿಗಳ ಹಿಂಡನ್ನು ಕಟ್ಟಿಕೊಂಡು ಯಾರ್ಮಿಲಾಳ ಮಂಚದ ಹತ್ತಿರ ಬಂದಿದ್ದರು. "ನೋವು ಮಾತಾಡಲಿ, ಔಷಧಿ ಆಮೇಲೆ," ಎನ್ನುವುದು ಅವರ ಪ್ರಸಿದ್ಧ ವಾಕ್ಯ. ಎಲ್ಲ ವಿದ್ಯಾರ್ಥಿಗಳೂ ಹೊಟ್ಟೆ ಒತ್ತಿ ನೋಡಿ ಮುಗಿಸುವವರೆಗೆ ಮಾರ್ಫಿನ್ ಕೊಡಬಾರದು ಎಂದರು. ಯಾರ್ಮಿಲಾ ಕಿರುಚುತ್ತಿದ್ದಳು. ಲಿಬುಶೆ ಟ್ರೇಯಲ್ಲಿ ಇಂಜೆಕ್ಷನ್ ಹಿಡಿದು ಅಪ್ಪಣೆಗೆ ಕಾಯುತ್ತಾ ನಿಂತಿದ್ದಳು. ಬಿಳಿಕೋಟುಗಳ ಸಾಲಿನ ಕೊನೆಯಲ್ಲಿ ಅನೆಶ್ಕಾಳೂ ಇದ್ದಳು. ಅದು ನನ್ನ ಅಮ್ಮ ಎಂದು ಅವಳು ಹೇಳಲಿಲ್ಲ. ಪ್ರೊಫೆಸರ್ ಮಾತಾಡುವಾಗ ಇಲ್ಲಿ ಯಾರೂ ಬಾಯಿ ಹಾಕುವುದಿಲ್ಲ. ಮಾತೌಶ್ ಹೊರಗೆ ಬೆಂಚಿನ ಮೇಲೆ, ಕಾಲಿಗೆ ಇದೇ ನೀಲಿ ಚೀಲ ಹಾಕಿಕೊಂಡು, ಎಲ್ಲವನ್ನೂ ಕೇಳುತ್ತಾ ಕುಳಿತಿದ್ದ. ಮೂವರೂ ಅವಳನ್ನು ಪ್ರೀತಿಸುತ್ತಿದ್ದವರು, ಮೂವರೂ ಶಿಸ್ತಿನಿಂದ ಸುಮ್ಮನಿದ್ದರು.

ಆಮೇಲೆ ಅದೇ ಪ್ರೊಫೆಸರಿಗೆ ಅದೇ ಕಾಯಿಲೆ ಬಂತು. ಮಂಚದ ಮೇಲೂ ಪಾಠ ಬಿಡಲಿಲ್ಲ ಮುದುಕ. ವಿದ್ಯಾರ್ಥಿಗಳನ್ನು ಕರೆಸಿ ತಮ್ಮ ಹೊಟ್ಟೆಯನ್ನೇ ಒತ್ತಿಸಿಕೊಳ್ಳುತ್ತಿದ್ದರು. ಒಂದು ವ್ಯತ್ಯಾಸವಿತ್ತು. ತಮ್ಮ ಮಾರ್ಫಿನ್ನನ್ನು ಮಾತ್ರ ಪಾಠಕ್ಕೆ ಮೊದಲೇ ತೆಗೆದುಕೊಳ್ಳುತ್ತಿದ್ದರು.

ಅವರ ಸಾವಿಗೆ ಮಾತೌಶನ ಕಣ್ಣಲ್ಲಿ ಒಂದು ಹನಿ ನೀರೂ ಬಂದಿರಲಿಲ್ಲ. ಈಗಲೂ ಬರುವಂತಿರಲಿಲ್ಲ.

"ನಾನು ಕೊಂದಿಲ್ಲ," ಎಂದಳು ಲಿಬುಶೆ.

"ಅಕ್ಕ!"

"ನಾನು ಹೋದಾಗ ಸತ್ತಿದ್ರು. ಮೈ ಇನ್ನೂ ಬಿಸಿ ಇತ್ತು, ಕಣ್ಣು ತೆರೆದೇ ಇತ್ತು. ಹೊದಿಕೆ ಮೇಲೆ ಸಿರಿಂಜ್ ಬಿದ್ದಿತ್ತು. ನೋಡಿದ ಕೂಡ್ಲೇ ಅರ್ಥ ಆಯ್ತು."

"ಆ ಸಿರಿಂಜ್ ಎಲ್ಲಿ?"

"ಸುಡೋ ಡಬ್ಬಕ್ಕೆ ಹಾಕ್ದೆ. ಮಂಗಳವಾರವೇ ಬೂದಿ ಆಗಿದೆ."

"ಗಂಟೆ ಯಾಕೆ ಒತ್ತಲಿಲ್ಲ? ಡಾಕ್ಟರನ್ನ ಯಾಕೆ ಕರೀಲಿಲ್ಲ?"

"ಕಾಯಿಲೆ ಮುದುಕ, ಹೃದಯ ನಿಂತುಹೋಯ್ತು ಅಂತ ಬರೀತಾರೆ ಅಂದ್ಕೊಂಡೆ. ಯಾರೂ ಕೊಯ್ದು ನೋಡಲ್ಲ ಅಂತ. ಪ್ರೊಫೆಸರ್ ಅಲ್ವಾ, ಅವರನ್ನೂ ಕೊಯ್ದು ಕಲೀಬೇಕು ಅಂತ ಇವರಿಗೆ ಹೊಳೀಬೇಕಾ?"

"ಲೆಸ್ಯಾನ ಹಿಡಿದ್ರಲ್ಲ. ಆಗ?"

ಲಿಬುಶೆ ಕಾಫಿ ಲೋಟವನ್ನು ಬೆರಳಲ್ಲಿ ತಿರುಗಿಸಿದಳು.

"ಮೂರು ದಿನ ಅಕ್ಕ! ಆ ಹುಡುಗಿಗೆ ಡ್ರಿಪ್ ಹಾಕೋದು ಕಲಿಸಿದ್ದು ನೀನೇ. ಕ್ರಿಸ್‌ಮಸ್‌ಗೆ ಮನೆಗೆ ಕರೆದು ಮೀನು ಬಡಿಸಿದ್ದೂ ನೀನೇ. ಅವಳು ಒಳಗೆ ಬಿದ್ದಿದ್ರೆ ನೀನಿಲ್ಲಿ ಕಾಫಿ ಆರಿಸ್ತಾ ಕೂತಿದೀಯ?"

"ಕೂತಿದೀನಿ," ಎಂದಳು ಅವಳು. "ನಿದ್ದೆ ಇಲ್ಲ, ಊಟ ಇಲ್ಲ, ಆದ್ರೂ ಕೂತಿದೀನಿ. ಬೇಕಾದ್ರೆ ಉಗಿ ನನ್ನ ಮುಖಕ್ಕೆ."

"ಅವಳ ಮಗೂನ ಇವತ್ತು ಸಂಜೆ ಅನಾಥಾಲಯಕ್ಕೆ ಹಾಕ್ತಾರೆ."

"ಗೊತ್ತು."

"ಗೊತ್ತಾ? ಗೊತ್ತಿದ್ದೂ ಸುಮ್ಮನಿದೀಯಾ? ನೀನು ಮನುಷ್ಯಳೇನೇ?"

ಅಕ್ಕನಿಗೆ ಅವನು ಇಂಥ ಮಾತು ಆಡಿದ್ದು ಅದೇ ಮೊದಲು. ಆಡಿದ ಮೇಲೆ ನಾಲಗೆ ಕಚ್ಚಿಕೊಳ್ಳಬೇಕು ಅನ್ನಿಸಲಿಲ್ಲ. ಇನ್ನೂ ಆಡಬೇಕೆನ್ನಿಸಿತು.

"ಯಾರನ್ನ ಉಳಿಸ್ತಿದೀಯ? ಯಾವ ಡಾಕ್ಟರನ್ನ? ಇಷ್ಟು ವರ್ಷ ಅವರ ಕೈಕೆಳಗೆ ದುಡಿದಿದ್ದು ಸಾಲಲಿಲ್ವಾ? ಅವರ ಪಾಪಾನೂ ಹೊರ್ತೀಯಾ?"

"ಕೇಳಬೇಡ ಲುಬೋರ್."

"ಯಾರು ಅಂತ ಹೇಳು!"

"ನಿನ್ನ ಕಾಲಿಗೆ ಬೀಳ್ತೀನಿ, ಕೇಳಬೇಡ. ಎದ್ದು ಮನೆಗೆ ಹೋಗು."

"ನಾನು ಪೊಲೀಸಿನವನು. ಕೇಳೋದೇ ನನ್ನ ಕೆಲಸ."

"ನೀನು ಅಪ್ಪನೂ ಹೌದು ಕಣೋ!" ಲಿಬುಶೆಯ ಧ್ವನಿ ಒಡೆಯಿತು. "ಆ ಕೋಣೆಯಿಂದ ಹೊರಗೆ ಬಂದೋಳು ನಾನು ಎತ್ತಿ ಆಡಿಸಿದ ಹುಡುಗಿ. ಅವಳು ಅಳ್ತಾ ಓಡಿಹೋದ್ಲು. ನಾನು ಕೂಗಿದ್ರೂ ತಿರುಗಲಿಲ್ಲ. ಈಗ ತಿಳೀತಾ ಯಾಕೆ ಕೂತಿದೀನಿ ಅಂತ?"

ಮಾತೌಶನಿಗೆ ತಿಳಿಯಿತು. ಕೊಂಚ ಹೊತ್ತು ಅದನ್ನು ತಿಳಿಯದವನಂತೆ ಇರಲು ಪ್ರಯತ್ನಪಟ್ಟ. ಸೋಮವಾರ ತಾನು ಮನೆಗೆ ಹೋದಾಗ ಅನೆಶ್ಕಾ ಕೋಟನ್ನೂ ತೆಗೆಯದೆ ಹಾಸಿಗೆಯಲ್ಲಿ ಗೋಡೆಗೆ ಮುಖ ಮಾಡಿ ಬಿದ್ದುಕೊಂಡಿದ್ದಳು. ತಲೆನೋವು ಎಂದಿದ್ದಳು. ಅವನು ಟೀ ಮಾಡಿ, ನಿಂಬೆ ಹಿಂಡಿ, ಜೇನು ಹಾಕಿ ಅವಳ ತಲೆದಿಂಬಿನ ಪಕ್ಕ ಇಟ್ಟಿದ್ದ. ಪರೀಕ್ಷೆ ಹತ್ತಿರ ಬಂತು, ಓದಿ ಓದಿ ಸುಸ್ತಾಗಿದ್ದಾಳೆ ಎಂದುಕೊಂಡಿದ್ದ. ಊರಿನ ಕಳ್ಳರನ್ನೆಲ್ಲ ಹಿಡಿಯುವ ಗಂಡಸು ತನ್ನ ಮನೆಯಲ್ಲಿ ಕುರುಡ.

"ಅವಳು ಕೋಣೆಯಿಂದ ಬಂದಿದ್ದು ಮಾತ್ರ ನೋಡಿದೆ ತಾನೇ? ಇಂಜೆಕ್ಷನ್ ಹಾಕಿದ್ದನ್ನ ನೋಡಿಲ್ಲ ತಾನೇ?"

"ಇಲ್ಲ."

"ಮತ್ತೆ?"

"ಮತ್ತೆ ಏನು? ಈ ಪ್ರಶ್ನೇನ ಮೂರು ದಿನದಿಂದ ನಂಗೆ ನಾನೇ ಕೇಳ್ಕೊಂಡಿದೀನಿ. ಉತ್ತರ ಇದ್ದಿದ್ರೆ ಈ ಸ್ಯಾಂಡ್‌ವಿಚ್ ತಿಂತಿರಲಿಲ್ವಾ?"

ಮಾತೌಶ್ ತಟ್ಟೆಯನ್ನು ಆಚೆ ಸರಿಸಿದ. ಲಿಬುಶೆಯ 'ತಿನ್ನು ಮೊದಲು' ಈಗ ಕೇಳಿಸಲಿಲ್ಲ.

"ನೋಡು," ಎಂದಳು ಕೊನೆಗೆ, "ನಾನಾಗಿ ಬಾಯಿ ಬಿಡಲ್ಲ. ಆದ್ರೆ ಜಡ್ಜ್ ಮುಂದೆ ನಿಲ್ಲಿಸಿ ಪ್ರಮಾಣ ಮಾಡಿಸಿ ಕೇಳಿದ್ರೆ ಸುಳ್ಳೂ ಹೇಳಲ್ಲ. ನೀನು ಕಿಟಕಿ ಅಂದ್ರೆ ತೆರೆದೋರು ಯಾರು ಅಂತ ಬರತ್ತೆ. ನಾನು ಅಂದ್ರೆ, ಏನು ನೋಡಿದೆ ಅಂತ ಬರತ್ತೆ. ಒಂದು ನೂಲು ಎಳೆದ್ರೆ ಪೂರ್ತಿ ಸ್ವೆಟರ್ ಬಿಚ್ಕೊಳ್ಳತ್ತೆ. ಎಳೀಬೇಕಾ ಬೇಡ್ವಾ, ನೀನೇ ಯೋಚ್ನೆ ಮಾಡು."

"ನೀನಾಗಿದ್ರೆ ಏನು ಮಾಡ್ತಿದ್ದೆ?"

"ನಾನು ಮಾಡಿದ್ದನ್ನ ನೋಡಿದ್ಯಲ್ಲ," ಎಂದಳು ಲಿಬುಶೆ. "ಹಾಗೆ ಮಾಡಬೇಡ ಅಂತ ಹೇಳೋ ಧೈರ್ಯ ನಂಗಿಲ್ಲ. ಹಾಗೇ ಮಾಡು ಅಂತ ಹೇಳೋ ಮುಖಾನೂ ಇಲ್ಲ."

ಅವನು ಎದ್ದು ಕಾರಿಡಾರಿಗೆ ಬಂದ. ಕಿಟಕಿಯ ಪಕ್ಕದ ಗೋಡೆಗೆ ಒರಗಿ ನಿಂತ. ಕೆಳಗೆ ಅಂಗಳದಲ್ಲಿ ಶಿಶುವಿಹಾರದ ಮಕ್ಕಳು ಹಳದಿ ಅಂಗಿ ತೊಟ್ಟು, ಒಂದೇ ಹಗ್ಗವನ್ನು ಎರಡೂ ಕಡೆ ಹಿಡಿದು, ಹಿಮದ ಮೇಲೆ ಸಾಲಾಗಿ ನಡೆಯುತ್ತಿದ್ದರು. ಅವರಲ್ಲಿ ಸೊಲೊಮಿಯಾ ಯಾರೋ ಅವನಿಗೆ ಗೊತ್ತಿರಲಿಲ್ಲ. ಎಲ್ಲರಿಗೂ ಕಿವಿ ಮುಚ್ಚುವ ಟೋಪಿ, ಎಲ್ಲರಿಗೂ ಕೆಂಪು ಮೂಗು. ಅನೆಶ್ಕಾಳೂ ಒಂದು ಕಾಲಕ್ಕೆ ಇದೇ ಹಗ್ಗ ಹಿಡಿದು ನಡೆದವಳು.

ಅತ್ತ ದರಿ, ಇತ್ತ ಪುಲಿ. ಸುಮ್ಮನಿದ್ದರೆ ಲೆಸ್ಯಾ ಹಾಳಾಗುತ್ತಾಳೆ, ಮಾತಾಡಿದರೆ ಅನೆಶ್ಕಾ. ಒಮ್ಮೆ ಸುಮ್ಮನಿದ್ದು ನೋಡಿಯಾಗಿತ್ತು. ಆ ಬೆಂಚು ಈಗಲೂ ಅಲ್ಲೇ, ನಾಲ್ಕು ಬಾಗಿಲು ಆಚೆ ಇತ್ತು. ಅವತ್ತು ತಾನು ಎದ್ದು ಒಳಗೆ ನುಗ್ಗಿದ್ದರೆ ಮಗಳ ಕೈಗೆ ಸಿರಿಂಜ್ ಬರುತ್ತಿತ್ತೇ ಎಂದು ಯೋಚಿಸಿದ. ಯೋಚಿಸಿ ಏನು ಬಂತು? ಯಾರ್ಮಿಲಾ ಬರುವುದಿಲ್ಲ.

ಫೋನ್ ಹೊಡೆದುಕೊಂಡಿತು. ಬ್ಲಾಹಾ.

"ಸಾರ್, ಶುರುವಾಗಿದೆ. ಲೆಸ್ಯಾ ಒಂದೂ ಮಾತಾಡ್ತಿಲ್ಲ, ಸುಮ್ನೆ ನೆಲ ನೋಡ್ತಾ ನಿಂತಿದಾಳೆ. ತನಿಖೆ ಮಾಡಿದೋರು ಏನಾದ್ರೂ ಹೇಳೋದಿದೆಯಾ ಅಂತ ಜಡ್ಜ್ ಕೇಳ್ತಿದಾರೆ. ಇಲ್ಲ ಅಂದ್ಬಿಡ್ಲಾ?"

ಇಲ್ಲ ಎನ್ನುವುದು ಎರಡಕ್ಷರದ ಮಾತು. ಅವನ ಪರವಾಗಿ ಅದನ್ನು ಹೇಳಿ ಮುಗಿಸಲು ಬ್ಲಾಹಾ ತಯಾರಾಗಿಯೇ ಇದ್ದ.

"ಇದೆ," ಎಂದ. "ಲೆಸ್ಯಾ ಕೊಂದಿಲ್ಲ. ಅವಳು ಹೋದ್ಮೇಲೆ ಅವರು ಸತ್ತಿದ್ದು. ಶಿಂದೆಲಾರ್ ಬರೆದು ಕೊಡ್ತಾರೆ. ಆ ಹುಡುಗಿನ ಬಿಡ್ಬೇಕು ಅಂತ ಹೇಳು."

"ಏನ್ ಸಾರ್ ಇದು! ಒಂದ್ನಿಮಿಷ, ಒಂದ್ನಿಮಿಷ..." ಬ್ಲಾಹಾ ಯಾರಿಗೋ ಪಿಸುಗುಟ್ಟುವುದು ಕೇಳಿಸಿತು. ಆ ಕಡೆ ಗದ್ದಲವೆದ್ದಿತು. ಅದರ ನಡುವೆ ಒಬ್ಬ ಹೆಂಗಸು ಬಿಕ್ಕಿ ಬಿಕ್ಕಿ ಅಳತೊಡಗಿದಳು.

ಕಾರಿಡಾರಿನ ತುದಿಯ ಬಾಗಿಲು ತೆರೆಯಿತು. ಬಿಳಿಕೋಟು ತೊಟ್ಟ ಅನೆಶ್ಕಾ ಬೇಗಬೇಗ ಅವನ ಕಡೆ ನಡೆದು ಬರುತ್ತಿದ್ದಳು. ಕಣ್ಣಿನ ಕೆಳಗೆ ಕಪ್ಪುಗಟ್ಟಿತ್ತು. ಅವಳು ಸಿಸ್ಟರುಗಳ ಕೋಣೆಯ ಬಾಗಿಲನ್ನು ನೋಡಿದಳು, ಅಪ್ಪನ ಮುಖವನ್ನು ನೋಡಿದಳು. ಅವನ ತೋಳು ಹಿಡಿದುಕೊಂಡು, ಚಿಕ್ಕವಳಿದ್ದಾಗಿನ ಹಾಗೆ ಭುಜಕ್ಕೆ ಹಣೆ ಒತ್ತಿದಳು.

"ಅಪ್ಪಾ," ಎಂದಳು ಮೆಲ್ಲಗೆ. "ಅತ್ತೆ ಒಪ್ಕೊಂಡ್ಲಾ?"

"ಏನನ್ನ?"

"ನಿಂಗೆ ಹೇಗೆ ಹೇಳ್ಲಿ ಅಂತ ಮೂರು ದಿನದಿಂದ ಸಾಯ್ತಿದೀನಪ್ಪಾ. ನಾನು ಕಣ್ಣಾರೆ ನೋಡ್ದೆ. ಸಿರಿಂಜ್ ಅತ್ತೆ ಕೈಯಲ್ಲಿತ್ತು, ಪ್ರೊಫೆಸರ್ ಇನ್ನೂ ಉಸಿರಾಡ್ತಿದ್ರು."

ಅವನು ಮಗಳ ಮುಖ ಎತ್ತಿ ನೋಡಿದ. ಆ ಕಣ್ಣುಗಳು ಯಾರ್ಮಿಲಾಳವು. ಅವುಗಳಲ್ಲಿ ಸುಳ್ಳು ಇದೆಯೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

"ಸಾರ್, ಲೈನಲ್ಲಿದೀರಾ?" ಎಂದ ಬ್ಲಾಹಾ. "ಅವಳಲ್ಲ ಅಂದ್ರೆ ಮತ್ತೆ ಯಾರು ಅಂತ ಜಡ್ಜ್ ಕೇಳ್ತಿದಾರೆ. ಯಾರ ಹೆಸರು ಹೇಳ್ಲಿ?"